ಮೂಲೆಯ ಕ್ರೋಟನ್

ನಮ್ಮ ಮನೆಗೆ ಕ್ರೋಟನ್ ಬಂದದ್ದು ಹೋದ ವರ್ಷದ ಮಳೆಗಾಲದಲ್ಲಿ, ಅವ್ವನ ಜೊತೆಗೆ. ಧಾರವಾಡದ ಮನೆಗೆ ಬೀಗ ಹಾಕುವ ದಿನ ಅವ್ವ ಅಂಗಳದ ಗಿಡದಿಂದ ಗೇಣುದ್ದದ ಟೊಂಗೆಯೊಂದನ್ನು ಕೊಯ್ದು, ಒದ್ದೆ ಅರಿವೆಯಲ್ಲಿ ಸುತ್ತಿ, ದೇವರ ಸಾಮಾನಿನ ಚೀಲದಲ್ಲಿ ಇಟ್ಟುಕೊಂಡಳು. ಪುಣೆಯ ಕಡೆಯಿಂದ ಬಂದ ಗಾಡಿ ಬದಲಾಪುರವನ್ನು ದಾಟಿ ಕಲ್ಯಾಣಕ್ಕೆ ಹೋಯಿತು. ಅಲ್ಲಿಂದ ಲೋಕಲ್ ಹಿಡಿದು ಹಿಂದಿರುಗುವಾಗ, “ಊರು ದಾಟಿ ಊರಿಗೆ ಬರೂದು, ಇದೆಂಥಾ ಪ್ರಯಾಣೋ ತಮ್ಮಾ?” ಎಂದು ಅವ್ವ ನಕ್ಕಳು. ಆಮೇಲೆ ಬಹಳ ದಿನ ಅವಳು ಹಾಗೆ ನಕ್ಕದ್ದನ್ನು ನಾವು ಕಾಣಲಿಲ್ಲ.

ಟೊಂಗೆ ಅಡಿಗೆಮನೆಯ ಕಿಟಕಿಯಲ್ಲಿ ಬೇರುಬಿಟ್ಟಿತು. ನಾಲ್ಕು ಎಲೆ ಹೆಚ್ಚಾದೊಡನೆ ಅದಕ್ಕೆ ಬಡ್ತಿ ಕೊಟ್ಟು ಪಡಸಾಲೆಯ ಮೂಲೆಗೆ ವರ್ಗ ಮಾಡಿದೆವು. ಬಂದವರ ಕಣ್ಣಿಗೆ ಬೀಳಬೇಕಲ್ಲ! ಅವ್ವನ ಮಂಚವೂ ಅದೇ ಮೂಲೆಯಲ್ಲಿತ್ತು.

ಎರಡು ತಿಂಗಳಲ್ಲಿ ಗಿಡದ ಕೆಂಪು ಹಳದಿಗಳು ಮಾಸಿ ಬರಿಯ ಹಸಿರು ಉಳಿಯಿತು. ಕೆಳಗಿನ ಎಲೆಗಳು ಉದುರತೊಡಗಿದವು. ಕಚೇರಿಯ ಕಡತದಂತೆ ಮನೆಯವರೆಲ್ಲ ಅದಕ್ಕೆ ಕೈಹಾಕಿದೆವು. ಮುಂಜಾನೆ ಮಗಳು ನೀರೆರೆದರೆ, ಶಾಲೆಯಲ್ಲಿ ಪಾಠ ಹೇಳಿ ಮಧ್ಯಾಹ್ನ ಮನೆಗೆ ಬಂದ ನಮ್ಮಾಕೆ ಅಕ್ಕಿ ತೊಳೆದ ನೀರು, ರಾತ್ರಿ ನಾವು ಇನ್ನೊಂದು ತಂಬಿಗೆ! ಒಬ್ಬರ ಟಿಪ್ಪಣಿಯನ್ನು ಇನ್ನೊಬ್ಬರು ಓದಲಿಲ್ಲ. ಮಣ್ಣು ಕೆಸರಾಯಿತು. ಇತ್ತ ಅವ್ವನ ಊಟವೂ ಇಳಿಯಿತು. ವೈದ್ಯರು ನೋಡಿ, ರೋಗವೇನೂ ಇಲ್ಲವೆಂದರು.

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ನಮ್ಮೂರಿನಿಂದ 68 ಕಿಲೋಮೀಟರು. ಹೊತ್ತು ಮೂಡುವ ಮೊದಲೇ ಹೊರಟು ಕತ್ತಲಾದ ಮೇಲೆ ಮರಳುವ ನಾವು ಮನೆಯನ್ನು ನೋಡುವುದೆಲ್ಲ ಟ್ಯೂಬ್‌ಲೈಟಿನ ಬೆಳಕಿನಲ್ಲಿ. ಭಾನುವಾರವಂತೂ ಹಗಲಿಗೂ ದೀಪ ಉರಿಯುತ್ತಿರುತ್ತದೆ. ಹೀಗಾಗಿ ನಮ್ಮ ಪಾಲಿಗೆ ಆ ಮೂಲೆ ಬೆಳ್ಳಗೆ ಬೆಳಗುವ ಜಾಗವೇ ಆಗಿತ್ತು.

ಒಂದು ಬುಧವಾರ ಜ್ವರ ಬಂದು ರಜೆ ಹಾಕಿದೆವು. ಮುಂಜಾನೆ ಹನ್ನೊಂದಕ್ಕೆ ಎದ್ದು ಪಡಸಾಲೆಗೆ ಬಂದರೆ, ಮಬ್ಬುಗತ್ತಲೆಯಲ್ಲಿ ಗಿಡ. ಅದರ ಪಕ್ಕದಲ್ಲಿ ಸುಮ್ಮನೆ ಕುಳಿತ ಅವ್ವ.

“ದೀಪ ಯಾಕ ಹಚ್ಚಿಲ್ಲಬೇ?”

“ಹಗಲೊತ್ತಿನ್ಯಾಗ ದೀಪ ಯಾಕ? ಕರೆಂಟಿನ ಬಿಲ್ಲು ಕಟ್ಟಾಂವ ನೀನಽ ಅಲ್ಲೇನು?”

ನಮಗೆ ಮಾತು ಹೊರಡಲಿಲ್ಲ. ಮೂಡಣದ ದೊಡ್ಡ ಕಿಟಕಿಯನ್ನು ನಮ್ಮ ಕಬ್ಬಿಣದ ಕಪಾಟು ಮುಚ್ಚಿ ನಿಂತಿತ್ತು. ಅಂದು ಸಂಜೆಯೇ ನೆರೆಯವರನ್ನು ಕರೆದು ಕಪಾಟನ್ನು ಕತ್ತಲೆಯ ಮೂಲೆಗೆ ತಳ್ಳಿದೆವು. ಕಿಟಕಿಗೆ ಗಿಡವೂ ಅವ್ವನ ಮಂಚವೂ ಬಂದವು.

ಆಮೇಲೆ ಓದಿ ತಿಳಿದುಕೊಂಡೆವು: ಕ್ರೋಟನ್ ಇಂಡೋನೇಷ್ಯಾ, ಮಲೇಷ್ಯಾಗಳಿಂದ ಶಾಂತಸಾಗರದ ಪಶ್ಚಿಮ ದ್ವೀಪಗಳವರೆಗಿನ ನಾಡಿನದು, ನಮ್ಮ ಹರಳು ಗಿಡದ ಬಳಗ. ಅದರ ಬಣ್ಣಕ್ಕೆ ಒಳ್ಳೆಯ ಬೆಳಕು ಬೇಕು. ನೆರಳಿನಲ್ಲಿ ಹಸಿರೇ ಮೇಲಾಗುತ್ತದೆ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು. ಸೊನೆ ಚರ್ಮಕ್ಕೆ ಆಗದು, ಎಲೆ ಮಕ್ಕಳ ಬಾಯಿಗೆ ಹೋಗಬಾರದು. ಜಾಗ ಬದಲಿಸಿದರೆ ಎಲೆ ಉದುರಿಸುವುದು ಅದರ ಸ್ವಭಾವ. ಅಂಜಿ ಮತ್ತೆ ಮತ್ತೆ ಕದಲಿಸಬಾರದು.

ನಮ್ಮ ಗಿಡವೂ ಇನ್ನೂ ಆರು ಎಲೆ ಉದುರಿಸಿತು. ಹಳೆಯ ಎಲೆಗಳಿಗೆ ಬಣ್ಣ ಮರಳಲಿಲ್ಲ. ಆದರೆ ಬೇಸಗೆಯಲ್ಲಿ ಬಂದ ಚಿಗುರು ಹಳದಿಯಾಗಿ ಮೂಡಿ, ಬಲಿತಂತೆ ಕೆಂಪೇರಿತು. ಅವ್ವ ಕಿಟಕಿಯಿಂದಲೇ ಎದುರುಮನೆಯ ಆಜಿಯೊಡನೆ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಉಪ್ಪಿನಕಾಯಿಯ ಚರ್ಚೆ ಮಾಡುತ್ತಾಳೆ. ಈಗ ನೀರು ಹಾಕುವ ಅಧಿಕಾರ ಅವಳೊಬ್ಬಳದೇ.

“ಊರಿಗೆ ಯಾವಾಗ ಹೋಗೂದೋ ತಮ್ಮಾ?” ಎಂದು ಇಂದಿಗೂ ಕೇಳುತ್ತಾಳೆ. ನಮ್ಮಲ್ಲಿ ಉತ್ತರವಿಲ್ಲ. ಒಂದು ಗಳಿಗೆ ಬಿಟ್ಟು ತಾನೇ ಹೇಳುತ್ತಾಳೆ: “ಹೋದರ ಇದಕ್ಕ ನೀರು ಹಾಕಾವ್ರು ಯಾರು?”

ನಮ್ಮಂತೆ ದೂರದ ನೌಕರಿಗೆ ಅಲೆಯುವ ವಾಚಕರಲ್ಲಿ ಒಂದೇ ಬಿನ್ನಹ. ಒಂದು ದಿನ ರಜೆ ಹಾಕಿ, ಮುಂಜಾನೆ ಹನ್ನೊಂದಕ್ಕೆ ದೀಪಗಳನ್ನೆಲ್ಲ ಆರಿಸಿ, ನಿಮ್ಮ ಮನೆಯನ್ನೊಮ್ಮೆ ನೋಡಿರಿ.