ಕೈಯೊಂದೇ ಕಾಣುವ ಆಟ

ಯಾದಗಿರಿ ಇನ್ನೂ ಗುಲ್ಬರ್ಗಾ ಜಿಲ್ಲೆಯ ತಾಲೂಕಾಗಿದ್ದ ಕಾಲ. ಶಹಾಪುರದಲ್ಲಿ ನಾವು ಹೋಗುತ್ತಿದ್ದ ಸೈಬರ್ ಕೆಫೆಯಲ್ಲಿ ಇಂಟರ್‌ನೆಟ್ ನೋಡುವವರಿಗಿಂತ ಐಜಿಐ ಆಡುವವರೇ ಹೆಚ್ಚು. ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ ತಯಾರಿಸಿ 2000ದಲ್ಲಿ ಬಂದ ಆಟ ಅದು.

ಪರದೆಯ ಕೆಳಗೆ ಒಂದು ಕೈ, ಅದರಲ್ಲಿ ಬಂದೂಕು, ನಡುವೆ ಗುರಿಯ ಗುರುತು, ಮೂಲೆಯಲ್ಲಿ ಉಳಿದ ಗುಂಡುಗಳ ಲೆಕ್ಕ. ನಾಯಕ ಜೋನ್ಸ್‌ನ ಮೈ ಸಾಮಾನ್ಯವಾಗಿ ಕಾಣದು. 1992ರ ವುಲ್ಫೆನ್‌ಸ್ಟೈನ್ 3ಡಿ, ಮರುವರ್ಷದ ಡೂಮ್ ಹಾಕಿಕೊಟ್ಟ ದಾರಿ ಇದು. ಗುಂಡು ಹಾರಿಸುವ ಆಟಗಳು ಅದಕ್ಕೂ ಮೊದಲೇ ಬೇಕಾದಷ್ಟಿದ್ದವು. ಫಸ್ಟ್ ಪರ್ಸನ್ ಶೂಟರ್ ಅನ್ನು ಬೇರೆ ಮಾಡುವುದು ಅದರ ಕಟ್ಟುನಿಟ್ಟಾದ ಕಣ್ಣು: ಪಾತ್ರಕ್ಕೆ ಕಾಣದ್ದು ಆಡುವವನಿಗೂ ಕಾಣಬಾರದು. ಹಿಂದೆ ಯಾರಿದ್ದಾರೆಂದು ತಿಳಿಯಲು ತಿರುಗಲೇಬೇಕು; ತಿರುಗಿದರೆ ಮುಂದಿನದು ತಪ್ಪುತ್ತದೆ. ಆಗ ಕಿವಿಯೇ ಗತಿ.

ಐಜಿಐಯಲ್ಲಿ ಮಿಷನ್ ನಡುವೆ ಸೇವ್ ಮಾಡಿಕೊಳ್ಳುವ ಅವಕಾಶವೇ ಇರಲಿಲ್ಲ. ಸತ್ತರೆ ಮೊದಲಿಂದ. ಕರೆಂಟ್ ಹೋದರೂ ಮೊದಲಿಂದ, ಅದೂ ನಮ್ಮೂರ ಬೇಸಿಗೆಯಲ್ಲಿ. ಹಾಗಾಗಿ ಗೋಡೆಯ ಮೂಲೆಗೆ ಬಂದವರು ಓಡುತ್ತಿರಲಿಲ್ಲ. ನಿಂತು, ಕಾವಲಿನವನ ಬೂಟಿನ ಸದ್ದು ದೂರವಾಗುವುದನ್ನು ಕಾಯುತ್ತಿದ್ದರು. ಕುರ್ಚಿಯ ಹಿಂದೆ ಸರದಿಗೆ ನಿಂತವನು ತಡೆಯಲಾರದೆ, "ಎಡಕ್ಕ ಅದಾನ, ಹೊಳ್ಳಲೇ!" ಎಂದು ಕೂಗುತ್ತಿದ್ದ.

ಆ ಆಟಗಳೇ ಮೇಲು ಎಂದು ನಾನು ಹೇಳಲಾರೆ. ಕಂಪ್ಯೂಟರಿನ ವೈರಿಗಳು ದಡ್ಡರು. ಎಲ್ಲಿ ನಿಂತಿರುತ್ತಾರೆಂಬುದು ಕೆಲವು ದಿನಗಳಲ್ಲೇ ಬಾಯಿಪಾಠವಾಗುತ್ತಿತ್ತು. ಆ ಕೆಫೆಯಲ್ಲಿ ಆಡಲು ಕೂತ ಒಬ್ಬ ಹುಡುಗಿಯನ್ನೂ ನಾನು ಕಾಣಲಿಲ್ಲ. ಈಗ ಸುರಪುರದ ನನ್ನ ಅಕ್ಕನ ಮನೆಯಲ್ಲಿ ಮಗನಿಗಿಂತ ಮಗಳೇ ಚೆನ್ನಾಗಿ ಆಡುತ್ತಾಳೆ. ಎದುರಿಗಿರುವವರೂ ಎಲ್ಲೋ ಕೂತ ನಿಜವಾದ ಮನುಷ್ಯರು.

ಅವರಾಡುವ ಪಬ್‌ಜಿ ಮೊಬೈಲ್ ಬಂದದ್ದು 2018ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಬಿಜಿಎಂಐ ಆಗಿ ಮರಳಿತು. ಅದರಲ್ಲಿ ನಮ್ಮ ಹುಡುಗರು ಹೆಚ್ಚಾಗಿ ಆಡುವುದು ಟಿಪಿಪಿ: ಕ್ಯಾಮೆರಾ ಪಾತ್ರದ ಬೆನ್ನ ಮೇಲೆ ತೇಲುತ್ತಿರುತ್ತದೆ. "ಗ್ವಾಡಿ ಹಿಂದ ಕುಂತ್ರೂ ಆಚೀಕಡಿದು ಕಾಣ್ತದ ಮಾಮಾ," ಎಂದು ಸೊಸೆ ತೋರಿಸಿದಳು. ತಲೆ ಹೊರಗೆ ಹಾಕದೆಯೇ ವೈರಿಯನ್ನು ನೋಡಬಹುದು. ಕೈಚಳಕಕ್ಕೆ ಇಲ್ಲೂ ಕೊರತೆಯಿಲ್ಲ, ಆದರೆ ಇಣುಕಿ ನೋಡುವ ಅಪಾಯ ಹೋಯಿತು. ನನ್ನ ಮಟ್ಟಿಗೆ ಅದು ಬೇರೆಯೇ ಬಗೆಯ ಆಟ.

ಅದೇ ಬಿಜಿಎಂಐಯಲ್ಲಿ ಪಾತ್ರದ ಕಣ್ಣಿನಿಂದಲೇ ನೋಡುವ ಎಫ್‌ಪಿಪಿ ಕೂಡ ಇದೆ. ಆಡುವ ಮಕ್ಕಳೇ, ಹೆಡ್‌ಫೋನ್ ಹಾಕಿಕೊಂಡು ಒಂದು ಮ್ಯಾಚ್ ಅದರಲ್ಲಿ ಆಡಿ ನೋಡಿ.