ಅಬ್ಬಾನ ಗಾಡಿಯ ಸವಕಳಿ

ಪ್ರಥಮ ಪಿಯುಸಿಯಲ್ಲಿ ನಮ್ಮ ಅಕೌಂಟೆನ್ಸಿ ಮೇಡಂ ಸವಕಳಿ ಪಾಠ ಮಾಡುವಾಗ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಯಂತ್ರದ ಬೆಲೆ 1,00,000 ರೂಪಾಯಿ, ಆಯುಷ್ಯ 10 ವರ್ಷ, ಕೊನೆಗೆ ಗುಜರಿ ಬೆಲೆ 10,000 ರೂಪಾಯಿ. ಹಾಗಾದರೆ ವರ್ಷಕ್ಕೆ 9,000 ರೂಪಾಯಿ ಸವಕಳಿ. ನಾನು ಬರೆದುಕೊಂಡೆ, ಪರೀಕ್ಷೆಯಲ್ಲಿ ಅಂಕವೂ ಬಂತು. ಆದರೆ ಸವಕಳಿ ಎಂದರೆ ಏನು ಎಂದು ನನಗೆ ನಿಜವಾಗಿ ಗೊತ್ತಾದದ್ದು ಅದೇ ವರ್ಷದ ಜನವರಿಯಲ್ಲಿ. ನಮ್ಮ ಅಬ್ಬಾನ ಪಿಕಪ್ ಗಾಡಿಯ ಹಿಂದಿನ ತಳದ ತಗಡು ಸೀಳಿತು. ಸೀಳಿದ ಅಂಚು ಒಂದು ಚೀಲವನ್ನು ಕೊಯ್ದು, ಮೋಟೆಬೆನ್ನೂರಿನ ಹತ್ತಿರ ರಸ್ತೆಯುದ್ದಕ್ಕೂ ಗೋವಿನಜೋಳ ಸುರಿಯಿತು. ಸುರಿದ ಕಾಳಿನ ದುಡ್ಡನ್ನು ಅಬ್ಬಾ ಆ ರೈತರಿಗೆ ತಮ್ಮ ಕಿಸೆಯಿಂದ ಕೊಟ್ಟರು.

ನಮ್ಮ ಮನೆ ಬ್ಯಾಡಗಿಯಲ್ಲಿದೆ. ನಾನು ದಿನಾ ಬಸ್ಸಿನಲ್ಲಿ ಹಾವೇರಿಗೆ ಕಾಲೇಜಿಗೆ ಬರುತ್ತೇನೆ. ಅಬ್ಬಾನ ದುಡಿಮೆ ಎರಡು ಸುಗ್ಗಿಯ ಮೇಲೆ ನಿಂತಿದೆ. ದೀಪಾವಳಿಯ ಆಸುಪಾಸಿನಿಂದ ಗೋವಿನಜೋಳ, ಹೊಲದಿಂದ ರಾಣೆಬೆನ್ನೂರು ಇಲ್ಲವೇ ಹಾವೇರಿಗೆ. ಹೊಸ ವರ್ಷದ ನಂತರ ಮೆಣಸಿನಕಾಯಿ, ಹಳ್ಳಿಗಳಿಂದ ಬ್ಯಾಡಗಿ ಮಾರುಕಟ್ಟೆಗೆ. ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ದಿನ. ಸೀಜನ್ನಿನಲ್ಲಿ ಆ ಹಿಂದಿನ ರಾತ್ರಿಗಳಲ್ಲಿ ಅಬ್ಬಾ ಮನೆಯಲ್ಲಿ ಮಲಗುವುದೇ ಅಪರೂಪ. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕ ನಮ್ಮೂರ ಮೆಣಸಿನಕಾಯಿಯ ಕೆಂಪು ಬಣ್ಣದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದನ್ನು ಹೊತ್ತು ತರುವ ಗಾಡಿಯ ತಳವನ್ನು ಬಗ್ಗಿ ನೋಡಿದವರು ಕಡಿಮೆ. ನಾನೂ ನೋಡಿರಲಿಲ್ಲ.

ತಗಡು ಸೀಳಿದ ಮರುದಿನ ಕಾಲೇಜಿಗೆ ರಜೆ ಇತ್ತು. ರಾಣೆಬೆನ್ನೂರಿನಲ್ಲಿ ನಮ್ಮ ಖಾಲಾ ಇದ್ದಾರೆ, ಅವರನ್ನು ನೋಡುವ ನೆಪದಲ್ಲಿ ನಾನೂ ಗಾಡಿ ಹತ್ತಿದೆ. ಅಲ್ಲಿಯ ವೆಲ್ಡಿಂಗ್ ಮಿಸ್ತ್ರಿ ಅಬ್ಬಾಗೆ ಹಳೆಯ ಪರಿಚಯ. ಅವರು ಮೊದಲು ಬ್ಯಾಟರಿಯ ವೈರು ಬಿಚ್ಚಿದರು, ಆಮೇಲೆ ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಾಕಿದರು. ನಾನು ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿದೆ. "ಈಕಿ ಇಂಜಿನಿಯರ್ ಆಗ್ತಾಳೇನ್ರಿ?" ಎಂದು ಅವರು ನಕ್ಕರು. "ಇಲ್ಲ, ಕಾಮರ್ಸು" ಎಂದೆ.

ಅವರು ತೋರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಾವು ಕಾಣುವ ತಳದ ತಗಡು ಭಾರ ಹೊರುವುದೇ ಇಲ್ಲ. ಅದು ತೆಳ್ಳಗಿನ ಹಾಸು ಅಷ್ಟೇ. ಅದರ ಕೆಳಗೆ ಅಡ್ಡಪಟ್ಟಿಗಳಿವೆ. ಭಾರ ಅಡ್ಡಪಟ್ಟಿಗೆ, ಅಲ್ಲಿಂದ ಉದ್ದನೆಯ ತೊಲೆಗೆ, ಅಲ್ಲಿಂದ ಚಾಸಿಗೆ ಇಳಿಯಬೇಕು. ಗಾಡಿ ನಿಂತಿದ್ದಾಗ ಚೀಲದ ತೂಕ ತಕ್ಕಡಿಯಲ್ಲಿ ಇದ್ದಷ್ಟೇ. ಹೊಲದ ದಾರಿಯ ಗುಂಡಿಗೆ ಬಿದ್ದು ಎದ್ದಾಗ ಅದೇ ಚೀಲ ಒಂದು ಕ್ಷಣಕ್ಕೆ ಬಹಳ ಹೆಚ್ಚು ತೂಗುತ್ತದೆ. ನಮ್ಮ ಎರಿ ಭೂಮಿಯ ದಾರಿ ಮಳೆಗಾಲದಲ್ಲಿ ಕೆಸರು, ಒಣಗಿದ ಮೇಲೆ ಕಲ್ಲಿನಂಥ ಗಾಲಿಜಾಡು. ಅಲ್ಲಿ ಒಂದು ಗಾಲಿ ಕೆಳಗೆ, ಇನ್ನೊಂದು ಮೇಲೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಚಾಸಿ ತಿರುಚುತ್ತದೆ, ಮೇಲಿನ ಬಾಡಿಯೂ ಜೊತೆಗೆ ತಿರುಚುತ್ತದೆ. ಬಾಡಿಯನ್ನು ಚಾಸಿಗೆ ಹಿಡಿದ ಬೋಲ್ಟುಗಳು ಸಡಿಲಾದರೆ ಬಾಡಿ ಅಲುಗಾಡಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ವೆಲ್ಡಿಂಗ್ ಮುಗಿಯುವ ತುದಿಯಲ್ಲಿ ಕೂದಲಿನಷ್ಟು ಬಿರುಕು ಶುರುವಾಗುತ್ತದೆ. ಅದು ಯಾರಿಗೂ ಕಾಣುವುದಿಲ್ಲ.

ಇನ್ನು ತುಕ್ಕು. ಚೀಲ ಎಳೆದು ಎಳೆದು ಬಣ್ಣ ಹೋದ ಜಾಗದಲ್ಲಿ ಗೊಬ್ಬರದ ಚೀಲ ಸೋರಿರುತ್ತದೆ. ಯೂರಿಯಾ, ಪೊಟ್ಯಾಷ್ ಗಾಳಿಯ ತೇವ ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತವೆ. ಮೂಲೆಯಲ್ಲಿ ಕೂತ ಮೆಣಸಿನಕಾಯಿ ಪುಡಿ, ಮಣ್ಣು ಆ ತೇವವನ್ನು ಹಿಡಿದಿಡುತ್ತವೆ. ಮೆಣಸಿನಕಾಯಿ ಹಗುರ, ಆದರೆ ಎತ್ತರಕ್ಕೆ ಪೇರಿಸುತ್ತಾರೆ. ಗಾಡಿ ಓಲಾಡಿದಾಗ ಆ ರಾಶಿ ಪಕ್ಕದ ಹಲಗೆಯನ್ನು ಹೊರಗೆ ತಳ್ಳುತ್ತದೆ. ನಮ್ಮ ಗಾಡಿಯ ಎಡಭಾಗ ಹೊಟ್ಟೆ ಬಂದ ಹಾಗೆ ಉಬ್ಬಿತ್ತು. ಹಿಂಬಾಗಿಲನ್ನು ಇಳಿಸಿ ಅದರ ಮೇಲೂ ಚೀಲ ಇಟ್ಟಿದ್ದರಿಂದ ಅದರ ಕೀಲು ಬಗ್ಗಿತ್ತು.

ಮಿಸ್ತ್ರಿ ಬಿರುಕಿನ ತುದಿ ಎಲ್ಲಿದೆ ಎಂದು ಹುಡುಕಿ, ಅಲ್ಲಿ ಒಂದು ಸಣ್ಣ ತೂತು ಕೊರೆದರು. ಹಾಗೆ ಮಾಡದೆ ಮೇಲೆ ವೆಲ್ಡಿಂಗ್ ಮಾಡಿದರೆ ಬಿರುಕು ಮುಂದಕ್ಕೆ ಓಡುತ್ತದಂತೆ. ತುಕ್ಕಿನ ಮೇಲೆ ತೇಪೆ ಹಾಕಲು ಅವರು ಒಪ್ಪಲಿಲ್ಲ. ಒಳ್ಳೆಯ ಕಬ್ಬಿಣ ಸಿಗುವವರೆಗೆ ಕತ್ತರಿಸಿದರು. ಕತ್ತರಿಸುತ್ತಾ ಹೋದಂತೆ ತೂತು ದೊಡ್ಡದಾಗುತ್ತಾ ಹೋಯಿತು. ಅಬ್ಬಾ ಸುಮ್ಮನೆ ನಿಂತು ನೋಡುತ್ತಿದ್ದರು.

ಆ ರಾತ್ರಿ ಗಾಡಿಯ ಆರ್‌ಸಿ ಕಾರ್ಡು ಕೇಳಿ ತೆಗೆದುಕೊಂಡೆ. ಅದರಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇದ್ದವು. ಕಳೆದರೆ ಹೊರಬಹುದಾದ ಭಾರ ಸುಮಾರು 1,300 ಕಿಲೊ. 60 ಕಿಲೊದ ಗೋವಿನಜೋಳದ ಚೀಲ 21 ಆಗುತ್ತವೆ. ಅಬ್ಬಾ ಆ ಸೀಜನ್ನಿನಲ್ಲಿ ಹಾಕಿದ್ದು 35. ಅಂದರೆ ಪ್ರತಿ ಟ್ರಿಪ್ಪಿಗೆ 14 ಚೀಲ ಹೆಚ್ಚು. ಚೀಲಕ್ಕೆ 20 ರೂಪಾಯಿ ಬಾಡಿಗೆ, 280 ರೂಪಾಯಿ. 60 ಟ್ರಿಪ್ಪಿಗೆ 16,800 ರೂಪಾಯಿ.

ಇನ್ನೊಂದು ಬದಿಗೆ ಖರ್ಚು ಬರೆದೆ. ತಗಡು, ಎರಡು ಅಡ್ಡಪಟ್ಟಿ, ಕೂಲಿ ಸೇರಿ 11,500. ಮುರಿದ ಪಾಟಾ ಸರಿ ಮಾಡಿಸಿದ್ದು 3,800. ಹಿಂದಿನ ಎರಡು ಟೈರು ಅವಧಿಗೆ ಮೊದಲೇ ಸವೆದವು, ಅದರ ಅರ್ಧ ಬೆಲೆ ಮಾತ್ರ ಹಿಡಿದರೂ 5,500. ಗಾಡಿ 4 ದಿನ ನಿಂತಿತು, ದಿನಕ್ಕೆ 1,200ರಂತೆ 4,800. ಒಟ್ಟು 25,600 ರೂಪಾಯಿ. ಪೂರಾ ತಪ್ಪು ಹೆಚ್ಚಿನ ಚೀಲದ್ದೇ ಅಲ್ಲ, ದಾರಿಯದ್ದೂ ಇದೆ. ಆದರೂ 8,800 ರೂಪಾಯಿ ನಷ್ಟ ಎದ್ದು ಕಾಣುತ್ತಿತ್ತು. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಹೆಚ್ಚು ಭಾರ ಹೇರಿದರೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮನೆಯಲ್ಲಿ ನಾವು ಮಾತಾಡುವುದು ಉರ್ದು. ಲೆಕ್ಕ ಮಾತ್ರ ಕನ್ನಡದಲ್ಲಿ, ಏಕೆಂದರೆ ಅಬ್ಬಾ ಏಳನೇ ತರಗತಿಯವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ನೋಟ್‌ಬುಕ್ಕನ್ನು ಅವರ ಮುಂದೆ ಇಟ್ಟಾಗ ನನಗೆ ಒಳಗೊಳಗೇ ಹೆಮ್ಮೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಆಮೇಲೆ, "ಹಿಸಾಬ್ ಸಹೀ ಹೈ ಬೇಟಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಒಂದು ಮಾತು ಸೇರಿಸಿದರು. ನಿನ್ನ ಫೀಸಿನ ಎರಡನೇ ಕಂತು ಕಟ್ಟಬೇಕಾದದ್ದು ನವೆಂಬರ್‌ನಲ್ಲಿ. ತಗಡು ಸೀಳಿದ್ದು ಜನವರಿಯಲ್ಲಿ.

ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಲೆಕ್ಕದಲ್ಲಿ ತಾರೀಖು ಇರಲೇ ಇಲ್ಲ. ಹೆಚ್ಚಿನ ಚೀಲದ ದುಡ್ಡು ಅಂದೇ ಸಂಜೆ ಕೈಗೆ ಬರುತ್ತದೆ. ಅದರ ಖರ್ಚು ಬಿರುಕಿನ ರೂಪದಲ್ಲಿ ಗಾಡಿಯ ಕೆಳಗೆ, ಕತ್ತಲಲ್ಲಿ ಕೂಡುತ್ತಾ ಇರುತ್ತದೆ. ನಾನು ಕ್ಲಾಸಿನಲ್ಲಿ ಕೂತು ಸವಕಳಿ ಕಲಿತದ್ದು ಆ ಗಾಡಿ ಸವೆದ ದುಡ್ಡಿನಿಂದ. ಅಬ್ಬಾ ಇನ್ನೂ ಒಂದು ಮಾತು ಹೇಳಿದರು. ನಾನು 21 ಚೀಲ ಅಂದರೆ ರೈತರು 35 ಹಾಕುವ ಗಾಡಿಯನ್ನು ಕರೆಯುತ್ತಾರೆ. ಆ ಗಾಡಿಯವನ ಮನೆಯಲ್ಲೂ ಫೀಸು ಕಟ್ಟಬೇಕಾದ ಮಕ್ಕಳಿದ್ದಾರೆ.

ಆದರೂ ನೋಟ್‌ಬುಕ್ಕನ್ನು ಅವರು ಮುಚ್ಚಿಡಲಿಲ್ಲ. ಈ ವರ್ಷ ನಾವು ಕೆಲವು ಬದಲಾವಣೆ ಮಾಡಿದ್ದೇವೆ. ಪ್ರತಿ ದಿನದ ಗಳಿಕೆಯಿಂದ 100 ರೂಪಾಯಿ ಬೇರೆ ಡಬ್ಬಿಗೆ, ಅಮ್ಮಿಯ ಕೈಯಲ್ಲಿ. ಅದು ಗಾಡಿಯ ದುಡ್ಡು, ಮನೆಯದಲ್ಲ. ಗೊಬ್ಬರ ಹೇರಿದ ದಿನ ಸಂಜೆ ತಳ ತೊಳೆದು ಒಣಗಿಸುವುದು. ತಿಂಗಳಿಗೊಮ್ಮೆ ಬೋಲ್ಟು ಬಿಗಿಸುವುದು. ಹಿಂಬಾಗಿಲು ಇಳಿಸಿ ಚೀಲ ಇಡುವುದಿಲ್ಲ. ಇಬ್ಬರು ರೈತರು ಚೀಲಕ್ಕೆ 4 ರೂಪಾಯಿ ಹೆಚ್ಚು ಕೊಡಲು ಒಪ್ಪಿದ್ದಾರೆ. ಕಳೆದ ವರ್ಷ ರಸ್ತೆಯಲ್ಲಿ ಕಾಳು ಸುರಿದದ್ದು ಅವರಲ್ಲಿ ಒಬ್ಬರದೇ. ಕೆಲವರು ಒಪ್ಪಲಿಲ್ಲ, ಬೇರೆ ಗಾಡಿ ಕರೆದರು. ನನ್ನ ಈ ವರ್ಷದ ಫೀಸನ್ನು ನಾಲ್ಕು ಕಂತಿನಲ್ಲಿ ಕಟ್ಟುತ್ತೇವೆ ಎಂದು ಅಬ್ಬಾ ಕಾಲೇಜಿನ ಆಫೀಸಿಗೆ ಬಂದು ಕೇಳಿಕೊಂಡರು. ಅವರಿಗೆ ಅದು ಸುಲಭವಾಗಿರಲಿಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ.

ಗಾಡಿಯ ಹಿಂಬಾಗಿಲ ಒಳಗೆ ನಾನು ಸುಣ್ಣದ ಕಡ್ಡಿಯಿಂದ 21 ಎಂದು ಬರೆದಿದ್ದೇನೆ. ಹಮಾಲರು ಅದನ್ನು ನೋಡಿ ನಗುತ್ತಾರಂತೆ. ಚೀಲ ಉಜ್ಜಿ ಅದು ಎರಡು ದಿನಕ್ಕೆ ಅಳಿಸಿಹೋಗುತ್ತದೆ. ಒಮ್ಮೊಮ್ಮೆ 24, 25 ಚೀಲ ಹಾಕಿದ್ದೂ ಇದೆ. ಆ ದಿನ ಅಬ್ಬಾ ತಾವಾಗಿಯೇ ಹೇಳುತ್ತಾರೆ, ನಾನು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತೇನೆ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು 21ನ್ನು ಮತ್ತೆ ತಿದ್ದುತ್ತೇನೆ.