ಲೋಪಾಗಮಾದೇಶಗಳು ಮತ್ತು ಪಿಂಗಾಣಿಯ ಗುಣ

ವ್ಯಾಕರಣವು ಪರೀಕ್ಷೆಗೆ ಮಾತ್ರ ಬೇಕಾದುದೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿದೆ. ವಿಜ್ಞಾನವು ಇಂಗ್ಲಿಷಿನಲ್ಲಿ ಮಾತ್ರ ತಿಳಿಯತಕ್ಕುದೆಂಬ ಭಾವನೆಯೂ ಅಷ್ಟೇ ಬಲವಾದುದು. ಇವೆರಡೂ ಸರಿಯಲ್ಲವೆಂಬುದನ್ನು ವಸ್ತಾರೆಯ ಕಾಫಿ ಬೆಳೆಗಾರರ ಮನೆಗಳಲ್ಲಿಯೂ ಕಾಣಸಿಗುವ ಎರಡು ಸಾಮಾನ್ಯ ವಸ್ತುಗಳು ತೋರಿಸಿಕೊಡುತ್ತವೆ. ಒಂದು, ಅಡುಗೆಮನೆಯ ಗ್ಯಾಸ್ ಲೈಟರು. ಇನ್ನೊಂದು, ಮಳೆಗಾಲದ ಇರುಳಿನಲ್ಲಿ ಸೊಳ್ಳೆಗಳನ್ನು ಓಡಿಸಲು ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಯಂತ್ರ. ಇವುಗಳ ಒಡಲಲ್ಲಿ ಒಂದೊಂದು ಪಿಂಗಾಣಿಯ ತುಣುಕಿದೆ.

ಇದು ಊಟದ ತಟ್ಟೆಯ ಪಿಂಗಾಣಿಯಲ್ಲ. ಫೆರೋಎಲೆಕ್ಟ್ರಿಕ್ ಎಂಬ ವರ್ಗಕ್ಕೆ ಸೇರಿದುದು. 1940ರ ದಶಕದಲ್ಲಿ ಈ ಗುಣವು ಕಂಡುಬಂದ ಬೇರಿಯಂ ಟೈಟನೇಟ್ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ಸ್ಫಟಿಕವನ್ನು ಘನಾಕಾರದ ಪುಟ್ಟ ಕೋಣೆಗಳ ಸಾಲೆಂದು ಭಾವಿಸಬಹುದು. ಎಂಟು ಮೂಲೆಗಳಲ್ಲಿ ಬೇರಿಯಂ, ನಡುವೆ ಟೈಟೇನಿಯಂ, ಆರು ಮುಖಗಳ ಮಧ್ಯದಲ್ಲಿ ಆಕ್ಸಿಜನ್. ಸುಮಾರು 120 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಟೈಟೇನಿಯಂ ನಟ್ಟನಡುವನ್ನು ಬಿಟ್ಟು ತುಸು ಸರಿಯುತ್ತದೆ. ಆಗ ಕೋಣೆಯ ಒಂದು ಕಡೆ ಧನ, ಇನ್ನೊಂದು ಕಡೆ ಋಣವಾಗುತ್ತದೆ. ಹೊರಗಿನ ವಿದ್ಯುದ್ಬಲದಿಂದ ಈ ದಿಕ್ಕನ್ನು ತಿರುಗಿಸಲೂ ಬಹುದು.

ಇಂಥ ಸ್ಫಟಿಕಕ್ಕೆ ಅನ್ಯ ಧಾತುವನ್ನು ಅತ್ಯಲ್ಪವಾಗಿ ಸೇರಿಸುವುದೇ ಡೋಪಿಂಗ್. ಇದು ಕಾಫಿಪುಡಿಗೆ ಚಿಕೋರಿ ಬೆರೆಸಿದಂತಲ್ಲ. ಅಲ್ಲಿ ಎರಡರ ಕಣಗಳೂ ಬೇರೆಬೇರೆಯಾಗಿಯೇ ಉಳಿಯುತ್ತವೆ. ಇಲ್ಲಿ ಹೊಸದಾಗಿ ಬಂದುದು ಮೊದಲಿದ್ದುದರ ಸ್ಥಾನವನ್ನೇ ಹಿಡಿಯುತ್ತದೆ. ವೈಯಾಕರಣರು ಇದನ್ನೇ ಆದೇಶವೆಂದರು. ಮಳೆ, ಕಾಲ ಎಂಬೆರಡು ಪದಗಳು ಕೂಡಿ ಮಳೆಗಾಲವಾದಾಗ ಕಕಾರದ ಎಡೆಯಲ್ಲಿ ಗಕಾರ ಬರುತ್ತದೆ, ಎರಡೂ ಕಂಠ್ಯಗಳೇ. ಸ್ಥಾನಿಗೆ ಅತ್ಯಂತ ಸಮೀಪವಾದುದೇ ಆದೇಶವಾಗಬೇಕೆಂಬುದು ಪಾಣಿನೀಯರ ನಿಯಮ. ಸ್ಫಟಿಕದಲ್ಲಿಯೂ ಹಾಗೆಯೇ: ಗಾತ್ರದ ಸಾಮೀಪ್ಯದಿಂದ ಲ್ಯಾಂಥನಂ ಬೇರಿಯಂನ ಸ್ಥಾನವನ್ನೂ, ನಯೋಬಿಯಂ ಟೈಟೇನಿಯಂನ ಸ್ಥಾನವನ್ನೂ ಸೇರುತ್ತವೆ.

ಸಾವಿರ ಬೇರಿಯಂಗಳಲ್ಲಿ ಎರಡು ಮೂರರ ಸ್ಥಾನಕ್ಕೆ ಲ್ಯಾಂಥನಂ ಬಂದರೆ ಸಾಕು, ವಿದ್ಯುತ್ತನ್ನು ತಡೆಯುತ್ತಿದ್ದ ಪಿಂಗಾಣಿಯು ಅದನ್ನು ಹರಿಯಗೊಡುತ್ತದೆ. ಆದರೆ ಮೇಲೆ ಹೇಳಿದ ಉಷ್ಣತೆಯನ್ನು ದಾಟಿದೊಡನೆ ಅದರ ರೋಧವು ಸಾವಿರಾರು ಪಟ್ಟು ಏರುತ್ತದೆ. ಸೊಳ್ಳೆಯಂತ್ರವು ಅತಿಯಾಗಿ ಕಾಯದೆ ತನ್ನನ್ನು ತಾನೇ ನಿಗ್ರಹಿಸಿಕೊಳ್ಳುವುದು ಈ ಗುಣದಿಂದಲೇ.

ಲೈಟರಿನಲ್ಲಿರುವುದು ಸೀಸ, ಜಿರ್ಕೋನಿಯಂ, ಟೈಟೇನಿಯಂಗಳ ಪಿಂಗಾಣಿ. ಇದರಲ್ಲಿ ಲೋಪದ ಮಹಿಮೆಯನ್ನು ಕಾಣಬಹುದು. ಊರು, ಅಲ್ಲಿ ಸೇರಿ ಊರಲ್ಲಿ ಆದಾಗ ಉಕಾರವು ಮರೆಯಾಗುವಂತೆ, ವಿದ್ಯುದಂಶದ ಲೆಕ್ಕ ಸರಿದೂಗಲು ಇಲ್ಲಿ ಕೆಲವು ಸ್ಥಾನಗಳು ಬರಿದಾಗುತ್ತವೆ. ನಾಲ್ಕು ಧನಾಂಶದ ಟೈಟೇನಿಯಂ ಸ್ಥಾನಕ್ಕೆ ಐದು ಧನಾಂಶದ ಎರಡು ನಯೋಬಿಯಂ ಬಂದರೆ ಒಂದು ಸೀಸ ಲೋಪವಾಗುತ್ತದೆ. ಮೂರು ಧನಾಂಶದ ಎರಡು ಕಬ್ಬಿಣ ಬಂದರೆ ಒಂದು ಆಕ್ಸಿಜನ್ ಲೋಪವಾಗುತ್ತದೆ. ಫಲವು ಮಾತ್ರ ವಿರುದ್ಧ. ಒಂದೇ ದಿಕ್ಕಿಗೆ ಮುಖಮಾಡಿದ ಕೋಣೆಗಳ ಗುಂಪುಗಳ ನಡುವಣ ಗಡಿಯು ಮೊದಲನೆಯದರಲ್ಲಿ ಸುಲಭವಾಗಿ ಚಲಿಸುತ್ತದೆ; ಪಿಂಗಾಣಿಯು ‘ಮೆದು’ವಾಗಿ ಸೂಕ್ಷ್ಮ ಸದ್ದನ್ನೂ ಗ್ರಹಿಸುತ್ತದೆ. ಎರಡನೆಯದರಲ್ಲಿ ಗಡಿಯು ಬಿಗಿಯುತ್ತದೆ. ಪಿಂಗಾಣಿಯು ‘ಗಡಸಾ’ಗಿ ಪ್ರಬಲವಾದ ಶ್ರವಣಾತೀತ ತರಂಗಗಳನ್ನು ಹೊರಡಿಸಲು ಯೋಗ್ಯವಾಗುತ್ತದೆ. ಮನೆಯಲ್ಲಿ ಎಂಬಲ್ಲಿಯ ಯಕಾರದಂಥ ಆಗಮಕ್ಕೆ ಮಾತ್ರ ಈ ಒತ್ತಾದ ಸ್ಫಟಿಕದಲ್ಲಿ ಎಡೆ ಬಹಳ ವಿರಳ.

ಒಂದು ಆತಂಕವೂ ಇಲ್ಲಿದೆ. ಈ ಪಿಂಗಾಣಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಸೀಸವು ಮಕ್ಕಳ ಬುದ್ಧಿಗೆ ವಿಷ. ಅದನ್ನೇ ಲೋಪಗೊಳಿಸುವ ಯತ್ನದಲ್ಲಿ 2004ರಲ್ಲಿ ಜಪಾನಿನ ವಿಜ್ಞಾನಿಗಳು ಪೊಟ್ಯಾಸಿಯಂ ಸೋಡಿಯಂ ನಯೋಬೇಟಿಗೆ ಲಿಥಿಯಂ ಮೊದಲಾದುವನ್ನು ಸೇರಿಸಿ, ಕಣಗಳನ್ನು ಒಂದೇ ದಿಕ್ಕಿಗೆ ಅಣಿಗೊಳಿಸಿ, ಸೀಸದ ಪಿಂಗಾಣಿಗೆ ಸಾಟಿಯಾದುದನ್ನು ಪಡೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಫೆರೋಎಲೆಕ್ಟ್ರಿಕ್ ಪಿಂಗಾಣಿಗಳ ಸಂಶೋಧನೆ ನಡೆದಿದೆ. ಸೀಸವಿಲ್ಲದ ಪಿಂಗಾಣಿಯು ಎಲ್ಲೆಡೆ ಬಳಕೆಗೆ ಬರಲು ಇನ್ನೂ ಅನೇಕರ ದುಡಿಮೆ ಬೇಕಾಗಿದೆ. ಆ ದುಡಿಮೆಗೆ ಮಲೆನಾಡಿನ ಮಕ್ಕಳೂ ಹೆಗಲು ಕೊಡಬೇಕಾದರೆ ವಿಷಯವು ಮೊದಲು ಅವರ ಮನಸ್ಸಿಗೆ ಇಳಿಯಬೇಕು. ಸಂಧಿಪ್ರಕರಣವನ್ನು ಬಲ್ಲ ಮಗುವಿಗೆ ಅದರ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಉಳಿದರ್ಧವನ್ನು ತೋರಿಸುವುದು ಕನ್ನಡದ ಅಧ್ಯಾಪಕರೂ ವಿಜ್ಞಾನದ ಅಧ್ಯಾಪಕರೂ ಕೂಡಿ ಮಾಡಬೇಕಾದ ಕೆಲಸ.